ಬಾಯಿ ಮೂಸುವ ಹೊತ್ತು

“ಬಾಯಿ ತೆಗಿ.”

ಹೂವಪ್ಪ ಬಾಯಿ ತೆಗೆದ. ಗೋಪಾಲಪ್ಪ ತನ್ನ ಮೂಗನ್ನು ಅವನ ತುಟಿಯ ಹತ್ತಿರಕ್ಕೆ ತಂದು ಒಮ್ಮೆ ಉಸಿರು ಎಳೆದುಕೊಂಡ. ನಂಬಿಕೆ ಬರಲಿಲ್ಲವೇನೋ, ಇನ್ನೊಮ್ಮೆ ಎಳೆದುಕೊಂಡ. ಸಂತೆಯಲ್ಲಿ ಎತ್ತು ಕೊಳ್ಳುವವರೂ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಿಜ. ಎತ್ತಿಗೆ ನಾಚಿಕೆ ಇಲ್ಲ. ಹೂವಪ್ಪನಿಗಿತ್ತು. ಐವತ್ತರ ಹತ್ತಿರದ ಗಂಡಸು, ಕಾಲೇಜಿಗೆ ಹೋಗುವ ಮಗಳ ಅಪ್ಪ, ಎದುರಿನ ರಸ್ತೆಯಲ್ಲಿ ಸಾಗರದ ಬಸ್ಸು ಹೋಗುತ್ತಿರುವಾಗ ಬಾಯಿ ತೆರೆದುಕೊಂಡು ನಿಂತಿರಬೇಕು. ಕಿಟಕಿಯಲ್ಲಿ ಕೂತವರು ನೋಡಿಕೊಂಡು ಹೋಗುತ್ತಿದ್ದರು.

“ವಾಸ್ನೆ ಇಲ್ಲ. ಏಲಕ್ಕಿ ಅಗಿದು ಬಂದ್ಯಾ?”

“ಇಲ್ಲ ಅಣ್ಣ.”

“ಹೂಂ. ಒಳಗೆ ಹೋಗು.”

ಹೊಸನಗರದ ಹೊರಗೆ, ಸಾಗರದ ರಸ್ತೆಯಲ್ಲಿ ಗೋಪಾಲಪ್ಪನ ವೆಲ್ಡಿಂಗ್ ಶಾಪು. ಅಲ್ಲಿ ಕೆಲಸ ಮಾಡುವವರು ದಿನಾ ಬೆಳಿಗ್ಗೆ ಶಟರಿನ ಮುಂದೆ ಸಾಲಾಗಿ ನಿಲ್ಲಬೇಕು. ಗೋಪಾಲಪ್ಪ ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು ಬಂದು ಒಬ್ಬೊಬ್ಬರ ಬಾಯನ್ನೂ ಮೂಸುತ್ತಾನೆ. ಕುಡಿದು ಬಂದವನ ಕೈಗೆ ಕರೆಂಟಿನ ಹೋಲ್ಡರ್ ಕೊಡಬಾರದು, ನಾಳೆ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಅನ್ನುವುದು ಅವನ ನ್ಯಾಯ. ಕೇಳಲಿಕ್ಕೆ ಚೆನ್ನಾಗಿಯೇ ಇದೆ. ಆದರೆ ಅವನು ಈ ಪದ್ಧತಿ ಶುರು ಮಾಡಿದ್ದು ಬೇರೆ ಕಾರಣಕ್ಕೆ. ಭಾನುವಾರ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಬಂದವರು ಆ ದಿನ ಸಂಜೆ ಗಡಗಡ ನಡುಗುತ್ತಾ ಮಲಗಿಬಿಡುತ್ತಿದ್ದರು. ಮಂಗಳವಾರ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಭಾನುವಾರ ಕುಡಿದದ್ದು ಮೈಗೆ ಹತ್ತಿ ಹೀಗಾಗುತ್ತದೆ ಎಂದು ಗೋಪಾಲಪ್ಪ ತೀರ್ಮಾನಿಸಿದ. ಭಾನುವಾರ ಕುಡಿದದ್ದಾದರೆ ಸೋಮವಾರ ಇಡೀ ದಿನ ಗಟ್ಟಿಯಾಗಿ ದುಡಿದು ಸಂಜೆಗೆ ಯಾಕೆ ನಡುಗಬೇಕು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವನು ಮೂಸುವುದರಲ್ಲಿ ಮುಳುಗಿದ್ದ.

ಹೂವಪ್ಪನ ವಿಷಯದಲ್ಲಂತೂ ತೀರ್ಮಾನ ಇನ್ನೂ ಸುಲಭ. ಅವನ ಅಜ್ಜ ಬಗನಿ ಮರ ಹತ್ತಿ ಹೆಂಡ ಇಳಿಸುತ್ತಿದ್ದವನು. ಒಂದು ದಿನ ಎಲ್ಲರೆದುರಿಗೆ ಗೋಪಾಲಪ್ಪ ನಗುನಗುತ್ತಲೇ ಅಂದಿದ್ದ: “ನಿಮ್ಮೋರ ರಕ್ತದಲ್ಲೇ ಇದೆಯಲ್ಲ ಮಾರಾಯ. ನಿನ್ನ ಬೈದು ಎಂತ ಪ್ರಯೋಜನ?” ಎಲ್ಲರೂ ನಕ್ಕರು. ಹೂವಪ್ಪನೂ ನಕ್ಕ. ನಕ್ಕಿದ್ದಕ್ಕೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರಂತೆ. ಇವನು ಮರದ ಕೆಳಗೆ ಕೂತದ್ದೂ ಇಲ್ಲ. ಕೂತದ್ದು ಅಜ್ಜ, ಅದೂ ಹೊಟ್ಟೆಪಾಡಿಗೆ.

ಹಾಗಂತ ಹೂವಪ್ಪ ಎಂದೂ ಕುಡಿಯದವನಲ್ಲ. ಮೊದಲು ಕುಡಿಯುತ್ತಿದ್ದ, ಚೆನ್ನಾಗಿಯೇ ಕುಡಿಯುತ್ತಿದ್ದ. ಮಗಳು ಧನ್ಯಶ್ರೀ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾ ಚರಂಡಿಗೆ ಬಿದ್ದಿದ್ದ. ಮಗುವಿನ ಗದ್ದ ಒಡೆಯಿತು. ಅವತ್ತೇ ಬಿಟ್ಟ. ಯಾವ ಶಿಬಿರವೂ ಇಲ್ಲದೆ, ಯಾರ ಹಾರವೂ ಇಲ್ಲದೆ ಬಿಟ್ಟ. ಆದರೆ ಒಮ್ಮೆ ಕುಡುಕ ಅನ್ನಿಸಿಕೊಂಡವನು ಬಿಟ್ಟೆ ಅಂದರೆ ಲೋಕ ಹೂಂಗುಡುತ್ತದೆಯೇ ಹೊರತು ನಂಬುವುದಿಲ್ಲ. ಮಗಳ ಗದ್ದದ ಗಾಯದ ಗುರುತು ಇನ್ನೂ ಇತ್ತು. ಅವನು ಬಾಯಿ ತೆಗೆದಾಗಲೆಲ್ಲ ಆ ಗುರುತು ಅವನ ಮುಂದೆ ಬಂದು ನಿಲ್ಲುತ್ತಿತ್ತು.

ಚಳಿ ಶುರುವಾದದ್ದು ಜಿಐ ಪೈಪು ಬಂದ ಮೇಲೆ. ಮೊದಲೆಲ್ಲ ಶಾಪಿಗೆ ಬರುತ್ತಿದ್ದದ್ದು ಕಪ್ಪು ಕಬ್ಬಿಣ. ಗೇಟು, ಗ್ರಿಲ್ಲು, ಕಿಟಕಿ ಸರಳು. ಈಗ ದನದ ಕೊಟ್ಟಿಗೆಗೂ ಕಾರು ನಿಲ್ಲಿಸುವ ಶೆಡ್ಡಿಗೂ ಎಲ್ಲರಿಗೂ ಜಿಐ ಬೇಕು. ನಮ್ಮ ಕಡೆಯ ಮಳೆಗೆ ಅದು ತುಕ್ಕು ಹಿಡಿಯುವುದಿಲ್ಲ. ತುಕ್ಕು ಹಿಡಿಯದಂತೆ ಪೈಪಿಗೆ ಸತುವಿನ ಲೇಪ ಕೊಟ್ಟಿರುತ್ತಾರೆ. ವೆಲ್ಡಿಂಗ್ ರಾಡು ತಾಗಿದ ಕೂಡಲೇ ಆ ಲೇಪ ಸುಟ್ಟು ದಟ್ಟನೆಯ ಬಿಳಿ ಹೊಗೆ ಏಳುತ್ತದೆ. ಆಮೇಲೆ ಹತ್ತಿಯಂಥ ಬಿಳಿ ಎಳೆಗಳು ಶೆಡ್ಡಿನ ತುಂಬ ತೇಲಾಡುತ್ತವೆ, ಹುಬ್ಬಿನ ಮೇಲೆ, ತಲೆಯ ಮೇಲೆ, ಊಟದ ಬುತ್ತಿಯ ಮೇಲೆ ಕೂರುತ್ತವೆ. ನೋಡಲಿಕ್ಕೆ ಚೆಂದ. ಮಳೆಗಾಲದಲ್ಲಿ ಎರಚಲು ಬಡಿದು ಶಾಕ್ ಹೊಡೆಯುತ್ತದೆ ಎಂದು ಶಟರನ್ನು ಮೊಣಕಾಲಿನವರೆಗೆ ಎಳೆದಿರುತ್ತಾರೆ. ಹೊಗೆ ಎಳೆಯುವ ಫ್ಯಾನು ಕೂರಿಸಲಿಕ್ಕೆಂದು ಗೋಡೆಯಲ್ಲಿ ಬಿಟ್ಟ ತೂತಿಗೆ ಗೋಪಾಲಪ್ಪ ತಗಡು ಬಡಿಸಿದ್ದ. ಮೂಗಿಗೆ ಒಂದು ಟವೆಲು. ಅದೂ ಮನೆಯಿಂದ ತಂದದ್ದು.

ಗೋಪಾಲಪ್ಪ ಕಲ್ಲು ಹೃದಯದವನಲ್ಲ ಅಂತ ಊರು ಹೇಳುತ್ತದೆ. ಯಾಕೆಂದರೆ ಅವನು ಹಾಲು ಕೊಡುತ್ತಾನೆ. ದಿನಾ ಹನ್ನೊಂದು ಗಂಟೆಗೆ ಒಬ್ಬೊಬ್ಬರಿಗೂ ಒಂದೊಂದು ದೊಡ್ಡ ಲೋಟ ಬಿಸಿ ಹಾಲು, ಜೊತೆಗೆ ಬೆಲ್ಲದ ಚೂರು. ಹೊಗೆಗೆ ಹಾಲು ಮದ್ದು, ಒಳಗೆ ಹೋದ ವಿಷವನ್ನೆಲ್ಲ ಹಾಲು ಹಿಡಿದುಕೊಂಡು ಹೊರಗೆ ಹಾಕುತ್ತದೆ ಎಂದು ಈ ಕಸುಬಿನವರೆಲ್ಲ ನಂಬಿದ್ದಾರೆ. ಹೂವಪ್ಪನೂ ನಂಬಿದ್ದ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಎದೆಗೆ ಎಂದು ಯಾರಿಗೂ ಹೊಳೆದಿರಲಿಲ್ಲ. ನನ್ನ ಹುಡುಗರನ್ನು ಹಾಲು ಕೊಟ್ಟು ಸಾಕುತ್ತೇನೆ ಎಂದು ಗೋಪಾಲಪ್ಪ ಸಭೆಗಳಲ್ಲಿ ಹೇಳುತ್ತಿದ್ದ. ಮೂಗಿಗೆ ತುಪ್ಪ ಸವರುವುದು ಅಂತ ಕೇಳಿದ್ದೀರಿ. ಇಲ್ಲಿ ಸವರಿದ್ದು ಹಾಲು.

ಹಾಲು ಕುಡಿದೂ ಸೋಮವಾರದ ಚಳಿ ತಪ್ಪುತ್ತಿರಲಿಲ್ಲ. ಕೆಲಸ ಬಿಡುವ ಹೊತ್ತಿಗೆ ಹೂವಪ್ಪನ ಬಾಯಿ ಒಂಥರಾ ಸಿಹಿಯಾಗುತ್ತಿತ್ತು, ನಾಣ್ಯ ನೆಕ್ಕಿದ ಹಾಗೆ. ನೀರು ಕುಡಿದರೆ ನೀರೂ ಸಿಹಿ. ಮನೆ ಮುಟ್ಟುವಷ್ಟರಲ್ಲಿ ಎದೆ ಬಿಗಿದು ಒಣ ಕೆಮ್ಮು. ಆಮೇಲೆ ಚಳಿ. ಮೂಳೆಯ ಒಳಗಿನಿಂದ ಬರುವ ಚಳಿ, ಎಷ್ಟು ಕಂಬಳಿ ಹೊದ್ದರೂ ಸಾಲದು. ಹಲ್ಲು ಕಟಕಟ ಅನ್ನುತ್ತಿದ್ದವು. ಬೆಳಗಿನ ಜಾವ ಬೆವರಿ, ಹಿಂಡಿ ಹಾಕಿದ ಬಟ್ಟೆಯಂತೆ ಏಳುತ್ತಿದ್ದ. ಬುಧವಾರದಿಂದ ಮೈ ಅದಕ್ಕೆ ಒಗ್ಗಿದಂತಾಗಿ ಶನಿವಾರದವರೆಗೆ ಏನೂ ಇಲ್ಲ. ಭಾನುವಾರ ರಜೆ. ಸೋಮವಾರ ಮತ್ತೆ ಚಳಿ. ಕುಡುಕನ ಲಕ್ಷಣಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ದಿನೇಶನಿಗೂ ಇದೇ ಚಳಿ. ಅವನು ಅದನ್ನು ತಡೆಯಲಾರದೆ ಕುಡಿಯುವುದನ್ನು ಕಲಿತಿದ್ದ. “ಕುಡಿದ್ರೂ ಕುಡುಕ, ಕುಡೀದಿದ್ರೂ ಕುಡುಕ. ಹಂಗಾದ್ರೆ ಕುಡಿಯೋದೇ ವಾಸಿ ಹೂವಪ್ಪಣ್ಣ,” ಅನ್ನುತ್ತಿದ್ದ. ಹೂವಪ್ಪ ಅವನಿಗೆ ಬುದ್ಧಿ ಹೇಳಲಿಲ್ಲ. ಹೇಳಲು ತನಗೆ ಯಾವ ಮುಖ ಇದೆ ಅನ್ನಿಸಿತ್ತು.

ಹೆಂಡತಿ ಶೇಷಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮೊದಲು ಅವಳು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಾಡಿನ ಅಂಚಿನವರು ಅಂತ ಮಂಗನ ಕಾಯಿಲೆಗೆ ರಕ್ತ ತೆಗೆದರು, ಡೆಂಗಿಗೆ ತೆಗೆದರು. ಯಾವುದೂ ಇರಲಿಲ್ಲ. ಕುಡಿಯುತ್ತಾರಾ ಎಂದು ಡಾಕ್ಟರು ಕೇಳಿದರು. ಮೊದಲು ಕುಡಿಯುತ್ತಿದ್ದರು ಎಂದು ಶೇಷಮ್ಮ ಸತ್ಯವನ್ನೇ ಹೇಳಿದಳು. ಡಾಕ್ಟರು ತಲೆಯಾಡಿಸಿದರು. ಏನು ಕೆಲಸ ಮಾಡುತ್ತೀ ಎಂದು ಅವರು ಕೇಳಲಿಲ್ಲ. ಹೂವಪ್ಪನೂ ಹೇಳಲಿಲ್ಲ.

ಆ ದಿನದಿಂದ ಶೇಷಮ್ಮನೂ ಮೂಸಲು ಶುರು ಮಾಡಿದಳು. ಗೋಪಾಲಪ್ಪ ಮೂಸುವುದು ಒಂದು ತೂಕವಾದರೆ ಹೆಂಡತಿ ಮೂಸುವುದು ಇನ್ನೊಂದು ತೂಕ. ಅವನು ಕಂಬಳಿಯೊಳಗೆ ನಡುಗುತ್ತಾ ಕಣ್ಣು ಮುಚ್ಚಿದ್ದಾಗ, ನಿದ್ದೆ ಬಂದಿದೆ ಎಂದುಕೊಂಡು, ಮೆಲ್ಲಗೆ ಬಾಗುತ್ತಿದ್ದಳು. ಅವಳ ಉಸಿರು ಅವನ ಮುಖಕ್ಕೆ ತಾಗುತ್ತಿತ್ತು. ಅವನು ನಿದ್ದೆ ಬಂದವನಂತೆಯೇ ಬಿದ್ದಿರುತ್ತಿದ್ದ. ವಾಸನೆ ಸಿಗದಿದ್ದರೆ ಅವಳಿಗೆ ಸಮಾಧಾನವಾಗಬೇಕಿತ್ತು. ಆಗುತ್ತಿರಲಿಲ್ಲ. ಈಗ ವಾಸನೆಯೇ ಬಾರದ್ದು ಏನೇನೋ ಸಿಗುತ್ತದಂತೆ ಎಂದು ಜೊತೆಯಲ್ಲಿ ಅಡುಗೆ ಮಾಡುವ ವೆಂಕಮ್ಮ ಅವಳ ಕಿವಿಗೆ ಹಾಕಿದ್ದಳು.

ಕೊನೆಗೆ ತೀರ್ಥಹಳ್ಳಿಯ ಒಂದು ಛತ್ರದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಯಿತು. ಅದರ ಸಮಿತಿಯಲ್ಲಿ ಗೋಪಾಲಪ್ಪನೂ ಇದ್ದ. ಹೂವಪ್ಪನ ಹೆಸರನ್ನು ಅವನೇ ಕೊಟ್ಟ. ಹೂವಪ್ಪ ಹೋಗುವುದಿಲ್ಲ ಅಂದ. ಶೇಷಮ್ಮ ಪಾತ್ರೆ ತೊಳೆಯುತ್ತಿದ್ದವಳು ತಿರುಗದೆಯೇ ಹೇಳಿದಳು: “ಹೋಗ್ಲಿಲ್ಲ ಅಂದ್ರೆ ನಾನೂ ಧನ್ಯಾನೂ ಕೋಣಂದೂರಿಗೆ ಅಣ್ಣನ ಮನೆಗೆ ಹೋಗ್ತೀವಿ. ಮತ್ತೆ ಕರೀಲಿಕ್ಕೆ ಬರ್ಬೇಡಿ.” ಅವಳು ಬರೀ ಬಾಯಿಮಾತಿಗೆ ಹೇಳುವವಳಲ್ಲ. ಅವನು ಹೋದ.

ಶಿಬಿರದಲ್ಲಿ ಬಿಳಿ ಬಟ್ಟೆ, ಭಜನೆ, ವ್ಯಾಯಾಮ, ಉಪ್ಪಿಟ್ಟು. ಉಳಿದವರು ಕುಡಿತ ಸಿಗದೆ ನಡುಗಿದರು, ವಾಂತಿ ಮಾಡಿಕೊಂಡರು, ಗೋಡೆ ಹಾರಲು ನೋಡಿದರು. ಹೂವಪ್ಪ ಒಬ್ಬನೇ ಚೆನ್ನಾದ. ಕೆಮ್ಮು ನಿಂತಿತು. ಊಟ ರುಚಿಸಿತು. ಎಷ್ಟೋ ದಿನಗಳ ಮೇಲೆ ಎದೆ ತುಂಬ ಉಸಿರು ಎಳೆದುಕೊಂಡ. ಕುಡಿತ ಬಿಟ್ಟರೆ ಮನುಷ್ಯ ಹೇಗಾಗುತ್ತಾನೆ ನೋಡಿ ಎಂದು ಸಮಿತಿಯವರು ಬಂದವರಿಗೆಲ್ಲ ಅವನನ್ನೇ ತೋರಿಸಿದರು. ಅಲ್ಲಿಗೆ ಹೂವಪ್ಪನಿಗೂ ತನ್ನ ಮೇಲೆ ಅನುಮಾನ ಬಂತು. ಇಷ್ಟು ಜನ ಹೇಳುತ್ತಾರೆ, ಮೈಯೂ ಹೌದು ಅನ್ನುತ್ತಿದೆ, ನಾನು ಎಲ್ಲೋ ಮೈಮರೆತು ಕುಡಿದಿದ್ದರೂ ಕುಡಿದಿರಬಹುದು. ಮನುಷ್ಯನನ್ನು ಇದಕ್ಕಿಂತ ಕೆಳಗೆ ಇಳಿಸಲು ಸಾಧ್ಯವಿಲ್ಲ.

ಕೊನೆಯ ದಿನ ವೇದಿಕೆ. ಶಿಬಿರದವರೆಲ್ಲ ಒಬ್ಬೊಬ್ಬರಾಗಿ ಹೆಂಡತಿಯ ಎದುರಿಗೆ ನಿಂತು ಮೈಕಿನಲ್ಲಿ ತಪ್ಪೊಪ್ಪಿಕೊಳ್ಳಬೇಕು. ಹೂವಪ್ಪನ ಸರದಿ ಬಂತು. ಶೇಷಮ್ಮ ಎದುರಿಗೆ ನಿಂತಿದ್ದಳು, ಕಣ್ಣು ಆಗಲೇ ಒದ್ದೆ. ಹಿಂದೆ ಕೋಣಂದೂರಿನ ಭಾವ ಕೈಕಟ್ಟಿಕೊಂಡು ಕೂತಿದ್ದ. ನಾನು ಕುಡಿದಿಲ್ಲ ಅನ್ನಬೇಕು ಎಂದು ಹೂವಪ್ಪ ಮೈಕು ಹಿಡಿದ. ಬಾಯಿಗೆ ಬಂದದ್ದು ಬೇರೆ.

“ನಾನು ಕುಡಿದೆ. ಹೆಂಡ್ತಿ, ಮಗಳಿಗೆ ಸುಳ್ಳು ಹೇಳ್ದೆ. ಇನ್ನು ಕುಡಿಯಲ್ಲ.”

ಚಪ್ಪಾಳೆ ಬಿತ್ತು. ಗೋಪಾಲಪ್ಪ ಹಾರ ಹಾಕಿ ಅಪ್ಪಿಕೊಂಡ. ಧನ್ಯಶ್ರೀ ಮುಂದಿನ ಸಾಲಿನಲ್ಲಿ ಕೂತು ತನ್ನ ಕಾಲುಬೆರಳನ್ನೇ ನೋಡುತ್ತಿದ್ದಳು. ಮಾಡಿದ ತಪ್ಪನ್ನು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ. ಮಾಡದ ತಪ್ಪನ್ನು ಒಪ್ಪಿಕೊಂಡವನ ಪಾಡು ಬೇರೆ. ಹೂವಪ್ಪನಿಗೆ ನೆಲ ಬಾಯಿ ಬಿಟ್ಟರೆ ಅದರೊಳಗೆ ಹೋಗಿಬಿಡೋಣ ಅನ್ನಿಸಿತು.

ಹೊರಡುವಾಗ ಸಮಿತಿಯ ಹಿರಿಯರು ಹೆಂಗಸರಿಗೆಲ್ಲ ಒಂದು ಮಾತು ಹೇಳಿದರು. ಮೊದಲ ಕೆಲವು ದಿನ ಗಂಡನ ಮೇಲೆ ಕಣ್ಣಿಡಿ, ಸಾಧ್ಯವಾದರೆ ಕೆಲಸದ ಜಾಗಕ್ಕೂ ಜೊತೆಗೆ ಹೋಗಿ. ಗೋಪಾಲಪ್ಪ ದೊಡ್ಡ ಮನಸ್ಸು ಮಾಡಿದ. “ಬಾರಮ್ಮ, ಇಡೀ ದಿನ ಕೂತಿರು. ನಮ್ಮ ಶಾಪಲ್ಲಿ ಮುಚ್ಚಿಡೋದು ಎಂತ ಇದೆ?” ಅಂದ.

ಸೋಮವಾರ ಶೇಷಮ್ಮ ಅಡುಗೆಯನ್ನು ವೆಂಕಮ್ಮನಿಗೆ ವಹಿಸಿ ಗಂಡನ ಜೊತೆ ಶಾಪಿಗೆ ಬಂದಳು. ಗೋಪಾಲಪ್ಪ ಅವಳ ಕಣ್ಣೆದುರಿಗೇ ಹೂವಪ್ಪನ ಬಾಯಿ ಮೂಸಿ, ತೃಪ್ತಿಯಿಂದ ತಲೆಯಾಡಿಸಿದ. ಒಳಗೆ ಖಾಲಿ ಪೇಂಟಿನ ಡಬ್ಬಿಯೊಂದನ್ನು ಬೋರಲು ಹಾಕಿ ಅವಳಿಗೆ ಕೂರಲು ಕೊಟ್ಟರು. ಹೊರಗೆ ಜಡಿಮಳೆ. ಶಟರು ಮೊಣಕಾಲಿಗೆ ಇಳಿಯಿತು. ಯಾರದೋ ದೊಡ್ಡ ಕೊಟ್ಟಿಗೆಯ ಚಾವಣಿ ಆ ವಾರ ಮುಗಿಸಬೇಕಿತ್ತು, ಎಲ್ಲ ಜಿಐ. ರಾಡು ತಾಗಿತು. ಹೊಗೆ ಎದ್ದಿತು. ಬೆಳಕನ್ನು ನೋಡಬೇಡ, ಕಣ್ಣು ಹೋಗುತ್ತೆ ಎಂದು ಹೂವಪ್ಪ ಹೇಳಿದ. ಅವಳು ಗೋಡೆಯ ಕಡೆ ತಿರುಗಿ ಕೂತಳು, ಆದರೆ ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ತಲೆಗೂದಲ ಮೇಲೆ ಆ ಬಿಳಿ ಎಳೆಗಳು ಕೂತಿದ್ದವು. ಸೆರಗಿನಿಂದ ಕೊಡವಿಕೊಂಡಳು, ಮತ್ತೆ ಕೂತವು. ಹೊರಗೆ ಹೋಗಿ ಕೂರು ಎಂದು ಅವನು ಎರಡು ಸಲ ಹೇಳಿದ. ಅವಳಿಗೆ ಅದರಲ್ಲೂ ಅನುಮಾನ. ನನ್ನನ್ನು ಹೊರಗೆ ಕಳಿಸಿ ಏನು ಮಾಡಬೇಕಂತೆ ಎಂದುಕೊಂಡು ಅಲ್ಲೇ ಕೂತಳು. ಹನ್ನೊಂದಕ್ಕೆ ಅವಳಿಗೂ ಹಾಲು ಸಿಕ್ಕಿತ್ತು, ಬೆಲ್ಲವೂ ಸಿಕ್ಕಿತ್ತು.

ಸಂಜೆ ಮನೆಗೆ ನಡೆಯುತ್ತಾ ಶೇಷಮ್ಮ ದಾರಿಯಲ್ಲಿ ಉಗುಳಿದಳು. ಮತ್ತೆ ಉಗುಳಿದಳು.

“ಬಾಯಿ ಯಾಕೋ ಸಿಹಿ ಸಿಹಿ ಆಗ್ತಿದೆ,” ಅಂದಳು.

ಹೂವಪ್ಪ ನಿಂತ. ಅವನ ಬಾಯಿಯೂ ಆಗಲೇ ಸಿಹಿಯಾಗಿತ್ತು. ಆಮೇಲೆ ಮುಂದೆ ನಡೆದ. ಮನೆ ಸೇರಿ ದೀಪ ಹಚ್ಚುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ದೇವರ ಗೂಡಿನ ಮುಂದೆ ಕೈಮುಗಿದು ನಿಂತವಳ ಕೈ ನಡುಗಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ಚಾಪೆಯ ಮೇಲೆ ಕುಸಿದಳು. ಹಲ್ಲು ಕಟಕಟ ಅನ್ನತೊಡಗಿದವು. ಧನ್ಯಶ್ರೀ ಓಡಿ ಬಂದು ಕಂಬಳಿ ಹೊದಿಸಿದಳು.

ಅದನ್ನು ನೋಡಿದ ಗಳಿಗೆಯಲ್ಲಿ ಹೂವಪ್ಪನಿಗೆ ಮೊದಲು ಆದದ್ದು ಖುಷಿ. ಸುಳ್ಳು ಹೇಳಬಾರದು, ಖುಷಿಯೇ ಆಯಿತು. ಹೆಂಡದ ಹನಿ ಮುಟ್ಟದ ಹೆಂಗಸು ನಡುಗುತ್ತಿದ್ದಾಳೆ. ನೋಡಿ, ಎಲ್ಲರೂ ಬಂದು ನೋಡಿ ಎಂದು ಬೀದಿಗೆ ಕೂಗಬೇಕು ಅನ್ನಿಸಿತು. ಆಮೇಲೆ ಅವಳು ಉಸಿರಿಗೆ ಒದ್ದಾಡಿ ಎದೆ ಒತ್ತಿಹಿಡಿದದ್ದು ಕಂಡಿತು. ತಾನು ಯಾವುದಕ್ಕೆ ಖುಷಿಪಟ್ಟೆ ಎಂದು ಅವನಿಗೆ ಅರ್ಥವಾಯಿತು. ಆ ನಾಚಿಕೆಯ ಮುಂದೆ ಗೋಪಾಲಪ್ಪ ಮೂಸಿದ್ದು ಏನೂ ಅಲ್ಲ. ಅಷ್ಟರಲ್ಲಿ ಅವನಿಗೂ ಚಳಿ ಏರಿತು, ಇಷ್ಟು ದಿನದ ಬಿಡುವಿನ ಮೇಲೆ ಬಂದದ್ದಕ್ಕೋ ಏನೋ, ಎಂದೂ ಇಲ್ಲದಷ್ಟು. ಮಗಳು ಇಬ್ಬರ ನಡುವೆ ಕೂತಳು. ಯಾರ ಕಾಲು ತಿಕ್ಕಬೇಕು ಎಂದು ಅವಳಿಗೆ ತಿಳಿಯಲಿಲ್ಲ.

ಕಂಬಳಿಯೊಳಗಿಂದ ಶೇಷಮ್ಮ ಕೇಳಿದಳು. “ಹಿಂಗೇ ಆಗ್ತಿತ್ತಾ ನಿಮ್ಗೆ?”

“ಹೂಂ.”

“ಪ್ರತಿ ಸಲಾನೂ?”

“ಹೂಂ.”

ಹಲ್ಲಿನ ಸದ್ದಷ್ಟೇ ಇತ್ತು, ಇಬ್ಬರದೂ. ಆಮೇಲೆ ಅಂದಳು: “ನೀವು ಮಲಗಿದ್ದಾಗ ನಾನು ಮೂಸ್ತಿದ್ದೆ. ನಿಮ್ಗೆ ಗೊತ್ತಿರ್ಲಿಲ್ಲ.”

“ಗೊತ್ತಿತ್ತು,” ಅಂದ ಹೂವಪ್ಪ.

ಶೇಷಮ್ಮ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಅತ್ತಳು. ಧನ್ಯಶ್ರೀ ಎದ್ದು ಒಲೆಯ ಹತ್ತಿರ ಹೋಗಿ ನಿಂತಳು. ಅವಳಿಗೆ ಅಪ್ಪನ ಮುಖ ನೋಡಲು ಆಗಲಿಲ್ಲ.

ಬೆಳಿಗ್ಗೆ ಇಬ್ಬರಿಗೂ ಬೆವರಿ ಚಳಿ ಬಿಟ್ಟಿತ್ತು, ಮೈಯಲ್ಲಿ ಕಸುವಿರಲಿಲ್ಲ. ಗೋಪಾಲಪ್ಪನ ಮುಂದೆ ಎಲ್ಲ ಹೇಳಿಬಿಡುತ್ತೇನೆ ಎಂದು ಹೂವಪ್ಪ ಅಂಗಿ ಹಾಕಿಕೊಂಡ. ಶೇಷಮ್ಮ ತಾನೂ ಬರುತ್ತೇನೆ ಎಂದು ಸೆರಗು ಬಿಗಿದಳು. ಬೇಡ ಅಂದರೂ ಕೇಳಲಿಲ್ಲ.

ಶಟರಿನ ಮುಂದೆ ಸಾಲು ನಿಂತಿತ್ತು. ಮಳೆ ಹನಿಯುತ್ತಿತ್ತು. ಗೋಪಾಲಪ್ಪ ಕೊಡೆ ಹಿಡಿದು ಮೂಸಲು ತಯಾರಾಗಿದ್ದ. ಹೂವಪ್ಪ ಅವನ ಎದುರಿಗೆ ನಿಂತ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ, ನಾಲಿಗೆ ಹೊರಳಲಿಲ್ಲ. ಅಭ್ಯಾಸಬಲ ನೋಡಿ, ಬಾಯಿ ತಾನಾಗಿಯೇ ತೆರೆದುಕೊಂಡಿತು. ಆಗ ಶೇಷಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಇವತ್ತು ನಂದು ಮೂಸಿ,” ಅಂದಳು. “ನಿನ್ನೆ ನಿಮ್ಮ ಶಾಪಲ್ಲಿ ಕೂತು ಹೋದೆ. ಸಂಜೆ ನಂಗೂ ಅದೇ ಚಳಿ. ನಾನೂ ಕುಡಿದಿರ್ಬಹುದು, ನೋಡಿ.”

ಬಾಯಿ ತೆರೆದಳು. ಅಷ್ಟು ಗಂಡಸರ ಎದುರಿಗೆ, ರಸ್ತೆಯ ಬದಿಯಲ್ಲಿ, ತಲೆ ಎತ್ತಿ ಬಾಯಿ ತೆರೆದು ನಿಂತಳು. ಎಲೆಅಡಿಕೆಯ ಕಲೆ ಕಟ್ಟಿದ ಹಲ್ಲು, ಬಿದ್ದುಹೋದ ದವಡೆಹಲ್ಲಿನ ಜಾಗ, ಎಲ್ಲ ಕಾಣುತ್ತಿತ್ತು. ಹೂವಪ್ಪನಿಗೆ ಮೈಯ ರಕ್ತವೆಲ್ಲ ಮುಖಕ್ಕೆ ನುಗ್ಗಿತು. ಇಷ್ಟು ವರ್ಷ ತಾನು ಬಾಯಿ ತೆರೆದದ್ದರ ಫಲ ಇದು, ಈಗ ಇವಳು ತೆರೆಯಬೇಕಾಯಿತು.

ಗೋಪಾಲಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಕೊಡೆ ಓರೆಯಾಗಿ ಮಳೆ ಅವನ ಕುಂಕುಮದ ಮೇಲೆ ಬಿತ್ತು. ಎಂತ ಇದು ತಂಗಿ, ಮಳೆಯಲ್ಲಿ ನೆಂದು ಚಳಿಜ್ವರ ಬಂದಿರುತ್ತೆ ಎಂದು ಗೊಣಗಿದ. ಒಳಗಿನಿಂದ ಯಾರನ್ನೋ ಕರೆದು ಹಾಲು ತರಿಸಿದ. “ತಗೊಳಮ್ಮ, ಕುಡಿ, ಎಲ್ಲ ಸರಿಹೋಗುತ್ತೆ,” ಅಂದ.

ಲೋಟವನ್ನು ಹೂವಪ್ಪ ತೆಗೆದುಕೊಂಡ. ಬಿಸಿ ಹಾಲು. ಅದನ್ನು ಗೋಪಾಲಪ್ಪನ ಕೈಗೇ ವಾಪಸು ಇಟ್ಟ.

“ಇದನ್ನ ನೀವು ಕುಡೀರಿ. ಕುಡಿದು ಒಳಗೆ ಕೂತ್ಕೊಳ್ಳಿ. ಶಟರ್ ನಾನೇ ಎಳೀತೀನಿ, ದಿನೇಶ ಜಿಐ ಸುಡ್ಲಿ. ಸಂಜೆ ನಿಮ್ಮ ಮನೇಗೆ ಬಂದು ನಿಮ್ಮ ಬಾಯಿ ನಾನು ಮೂಸ್ತೀನಿ.”

ಗೋಪಾಲಪ್ಪನ ಮುಖ ಕೆಂಪಾಯಿತು. ಇಷ್ಟೆಲ್ಲ ಮಾಡಿದ್ದಕ್ಕೆ ಇದಾ ಬೆಲೆ, ಶಿಬಿರಕ್ಕೆ ಸೇರಿಸಿದೆ, ಹಾರ ಹಾಕಿದೆ, ಹಾಲು ಕೊಟ್ಟು ಸಾಕಿದೆ ಎಂದು ಕೂಗಿದ. ನಾಳೆಯಿಂದ ಈ ಕಡೆ ತಲೆಹಾಕಬೇಡ ಅಂದ.

“ನಾಳೆ ಯಾಕೆ, ಇವತ್ತೇ ಇಲ್ಲ,” ಅಂದ ಹೂವಪ್ಪ. “ಆ ತಗಡು ಕಿತ್ತು ಫ್ಯಾನು ಕೂರ್ಸಿ. ಮೂಗಿಗೆ ಸರಿಯಾದ್ದು ಎಂತಾದ್ರೂ ಕೊಡಿ. ಅವತ್ತು ಕರೀರಿ, ಬರ್ತೀನಿ. ಬಾಯಿ ಮಾತ್ರ ತೆಗೆಯಲ್ಲ. ಮೈಕಲ್ಲಿ ನಾನು ಹೇಳಿದ್ದು ಸುಳ್ಳು. ನಾನು ಕುಡಿದಿರ್ಲಿಲ್ಲ.”

ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ನಿಂತ. ಶೇಷಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು.

ಗೋಪಾಲಪ್ಪ ಅವರ ಕಡೆ ನೋಡಲಿಲ್ಲ. ಹಾಲಿನ ಲೋಟ ಕೈಯಲ್ಲೇ ಇತ್ತು. ಏನೂ ನಡೆದೇ ಇಲ್ಲವೆಂಬಂತೆ ಸಾಲಿನಲ್ಲಿ ಮುಂದಿದ್ದವನ ಕಡೆ ತಿರುಗಿದ. ಮುಂದಿದ್ದವನು ದಿನೇಶ. ಹಿಂದಿನ ಸಂಜೆ ಅವನು ಕುಡಿದಿದ್ದ, ಮೂಸಬೇಕಾಗಿಯೇ ಇರಲಿಲ್ಲ, ವಾಸನೆ ಆರಡಿ ದೂರಕ್ಕೂ ಹೊಡೆಯುತ್ತಿತ್ತು.

“ಬಾಯಿ ತೆಗಿ,” ಅಂದ ಗೋಪಾಲಪ್ಪ.

ದಿನೇಶ ಶೇಷಮ್ಮನನ್ನು ನೋಡಿದ. ತಲೆ ತಗ್ಗಿಸಿದ. ಬಾಯಿ ತೆಗೆಯಲಿಲ್ಲ.